ಮುದ್ದೆ ಹೊತ್ತಿಗೆ ಮಿಲಾನಿಗೆ ವಾಪಸು

ಯುರೋಪಿಗೆ ಹೋಗಲು ನಾನು ಹಾಕಿದಂಥ ಯೋಜನೆಯನ್ನು ನಿಜವಾಗಿ ಹೋಗಿಬಂದವರೂ ಹಾಕಿರಲಾರರು. ಇಟಲಿಯಲ್ಲಿ ಹದಿನಾಲ್ಕು ದಿನ. ಮಿಲಾನ್ ಪಟ್ಟಣದಲ್ಲಿ ಒಂದೇ ಬಿಡಾರ. ದಿನಾ ಬೆಳಿಗ್ಗೆ ರೈಲು ಹತ್ತಿ ಒಂದೊಂದು ಊರು ನೋಡುವುದು, ಸಂಜೆ ಮುದ್ದೆ ಹೊತ್ತಿಗೆ ಮಿಲಾನಿಗೆ ವಾಪಸು. ರೈಲಿಲ್ಲದ ಕಡೆಗೆ ಬಾಡಿಗೆ ಮೋಟಾರು. ಇಷ್ಟನ್ನೂ ನಾನು ಕ್ಲೋಸ್‌ಪೇಟೆಯ ತಾಲ್ಲೂಕು ಕಚೇರಿಯ ಒಂದು ಮುರುಕು ಮೇಜಿನ ಮೇಲೆ, ಸರ್ಕಾರಿ ಕಾಗದಗಳ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬರೆದೆ. ಆ ಊರನ್ನು ಈಗ ರಾಮನಗರ ಅನ್ನುತ್ತಾರೆ. ಆಗ ಮಹಾರಾಜರ ಕಾಲ. ನಾನು ಇಪ್ಪತ್ತನಾಲ್ಕು ವರ್ಷದ ಗುಮಾಸ್ತೆ.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನಮ್ಮವ್ವ ಬೈಯುತ್ತಿದ್ದಳು. ಸುಳ್ಳಲ್ಲ. ಮೈಸೂರು ಕಡೆಯ ರೈಲು ಸಿಳ್ಳು ಹಾಕಿದರೆ ನನ್ನ ಲೇಖನಿ ನಿಂತುಹೋಗುತ್ತಿತ್ತು. ಕೂತ ಕಡೆ ಕೂರಲಾರೆ, ನಿಂತ ಕಡೆ ನಿಲ್ಲಲಾರೆ. ಊರಾಚೆಯ ಬಂಡೆಗುಡ್ಡಗಳನ್ನು ಹತ್ತಿ ಇಳಿದು ಸಾಕಾಗಿತ್ತು. ಅಂಥವನಿಗೆ ದಿನವಿಡೀ ಇನ್ನೊಬ್ಬರ ಹೊಲದ ಎಲ್ಲೆ ಬರೆಯುವ ಕೆಲಸ! ಯಾರ ಮೇಲೋ ತೀರಿಸಿಕೊಳ್ಳಬೇಕಾದ ಸಿಟ್ಟನ್ನು ಮಸಿಕುಡಿಕೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ನನ್ನ ಹಣೆಬರಹ ತಿರುಗಿದ್ದು ಸೋದರಮಾವನಿಂದ. ಕೈಲಾಂಚದ ಹತ್ತಿರದ ಹಳ್ಳಿಯಲ್ಲಿ ಅವನು ಪಟೇಲ. ಎಕರೆಗಟ್ಟಲೆ ಹಿಪ್ಪುನೇರಳೆ, ಮನೆಯ ಹಿಂದೆ ಉದ್ದನೆಯ ಹುಳ ಮನೆ. ಒಮ್ಮೆ ಮೈಸೂರಿಗೆ ಹೋದಾಗ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಇಟಲಿ ದೇಶದ ರೇಷ್ಮೆಗೂಡು ನೋಡಿಬಂದ. ನಮ್ಮ ಗೂಡು ಹೆಬ್ಬೆರಳಿನ ತುದಿಯಷ್ಟು, ಹಸಿರುಹಳದಿ. ಅದೋ ಪಾರಿವಾಳದ ಮೊಟ್ಟೆಯಷ್ಟು, ಅಚ್ಚ ಬಿಳುಪು. ಬಂದವನೇ ನನ್ನನ್ನು ಕರೆಸಿದ.

“ಲೇ, ಆ ಹುಳ ಸಾಕೋ ಮನೇನ ನಾನು ಕಣ್ಣಾರ ನೋಡ್ಬೇಕು ಕಣ್ಲಾ. ನಿಂಗೆ ಇಂಗ್ಲೀಸು ಬತ್ತದೆ. ಜೊತೇಲಿ ಬಂದ್ಬುಡು.”

ನಾನು ಕುಣಿಯುವುದೊಂದು ಬಾಕಿ. ಮಾವ ಇನ್ನೊಂದು ಮಾತು ಸೇರಿಸಿದ: “ಎಲ್ಗಾದ್ರೂ ಕರ್ಕೊಂಡೋಗು. ರಾತ್ರಿಗೆ ಮಾತ್ರ ನನ್ ಮುದ್ದೆ ನಂಗೆ ಬೇಕು.”

ನಮ್ಮ ಇಡೀ ಯೋಜನೆ ನಿಂತದ್ದು ಆ ಮುದ್ದೆಯ ಮೇಲೆ. ರಾಗಿ ಹಿಟ್ಟಿನ ಮೂಟೆ, ಮಡಕೆ, ಹಿಟ್ಟಿನ ಕೋಲು ಹಡಗಿನಲ್ಲಿ ಬರಬೇಕು. ಅದನ್ನೆಲ್ಲ ಹೊತ್ತುಕೊಂಡು ಊರೂರು ತಿರುಗಲು ಆಗುತ್ತದೆಯೇ? ಆದ್ದರಿಂದ ಮೂಟೆ ಇರುವ ಕಡೆಯೇ ನಮ್ಮ ಬಿಡಾರ, ಎಲ್ಲಿಗೆ ಹೋದರೂ ಕತ್ತಲಾಗುವ ಮುಂಚೆ ಮೂಟೆಯ ಹತ್ತಿರಕ್ಕೆ. ಬೆಂಗಳೂರು ದಂಡಿನ ಹಳೆಯ ಪುಸ್ತಕದಂಗಡಿಯಲ್ಲಿ ಯುರೋಪಿನ ರೈಲುಗಳ ಟೈಮ್‌ಟೇಬಲ್ಲೊಂದು ಸಿಕ್ಕಿತು. ಮಿಲಾನಿನಿಂದ ಕೋಮೋಗೆ ಹೋಗಿಬರುವುದು ಒಂದು ದಿನ, ಬೆರ್ಗಮೋ ಒಂದು ದಿನ, ಟ್ಯೂರಿನ್ ಒಂದು ದಿನ. ಕಾರ್ತಿಕ ಮಾಸದ ಕೊನೆಗೆ ಬೊಂಬಾಯಿ ಬಿಟ್ಟರೆ ಸಮುದ್ರ ಶಾಂತವಾಗಿರುತ್ತದೆ, ಕಚೇರಿಯಲ್ಲೂ ಕೆಲಸ ಕಡಿಮೆ. ಬೇಸಿಗೆಗಾದರೆ ಜಮಾಬಂದಿ, ಊರೂರಿನ ಕಂದಾಯದ ತಪಾಸಣೆ. ಆಗ ಗುಮಾಸ್ತೆಗೆ ಹೆತ್ತವರು ಸತ್ತರೂ ರಜೆಯಿಲ್ಲ. ಅಮಲ್ದಾರರು ಮಾರ್ಗಶಿರದ ರಜೆಗೆ ರುಜು ಹಾಕಿದ ದಿನ ನಾನು ಮನೆಗೆ ನಡೆದುಕೊಂಡು ಹೋದೆನೋ ಹಾರಿಕೊಂಡು ಹೋದೆನೋ ನೆನಪಿಲ್ಲ.

ಹೊಟ್ಟೆಯೊಳಗೆ ಒಂದೇ ಒಂದು ಮುಳ್ಳು. ಮಾವನ ಅಳಿಯ, ಮಗಳ ಗಂಡ. ಬೆಂಗಳೂರಿನಲ್ಲಿ ಲಾ ಓದುತ್ತಿದ್ದ, ನನಗಿಂತ ಸೊಗಸಾಗಿ ಇಂಗ್ಲಿಷ್ ಮಾತಾಡುತ್ತಿದ್ದ, ಬೇಸಿಗೆಯಲ್ಲಿ ಅವನಿಗೆ ಬೇಕಾದಷ್ಟು ರಜೆ. ಮಾವನ ಮಗಳನ್ನು ನನಗೆ ಕೊಡುವ ಮಾತು ಒಂದು ಕಾಲಕ್ಕೆ ಇತ್ತು, ಅದು ಅವನ ಪಾಲಾಯಿತು. ಹೆಣ್ಣಂತೂ ಹೋಯಿತು, ಹಡಗಾದರೂ ನನಗಿರಲಿ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಇಷ್ಟು ವಯಸ್ಸಾದ ಮೇಲೆ ಸುಳ್ಳು ಯಾಕೆ ಹೇಳಲಿ, ಅವನ ಮೇಲೆ ನನಗೆ ಕೆಂಡದಂಥ ಹೊಟ್ಟೆಕಿಚ್ಚಿತ್ತು.

ಈಗ ಅತ್ತೆಯ ವಿಷಯ ಹೇಳಬೇಕು. ಹುಳ ಸಾಕುತ್ತಿದ್ದದ್ದು ಮಾವನಲ್ಲ, ಅವಳು. ಮಾವ ತೋಟ ನೋಡುತ್ತಿದ್ದ, ಗೂಡು ಮಾರುತ್ತಿದ್ದ. ಹೊತ್ತು ಹೊತ್ತಿಗೆ ಸೊಪ್ಪು ಕೊಚ್ಚಿ ಹಾಕುವುದು, ತಟ್ಟೆ ಬಳಿಯುವುದು, ಹುಳ ಜ್ವರಕ್ಕೆ ಕೂತಾಗ, ಎಂದರೆ ಮೇವು ಬಿಟ್ಟು ಪೊರೆ ಕಳಚಲು ತೆಪ್ಪಗೆ ಮಲಗಿದಾಗ, ಉಸಿರು ಬಿಗಿಹಿಡಿದು ಕಾಯುವುದು ಎಲ್ಲ ಅವಳದು. ಆ ವರ್ಷ ಮೂರು ಬೆಳೆ ಸಾಲಾಗಿ ಕೈಕೊಟ್ಟವು. ಗೂಡು ಕಟ್ಟುವ ಹೊತ್ತಿಗೆ ಹುಳಗಳು ಕಪ್ಪು ಚುಕ್ಕೆ ಬಿದ್ದು ತಟ್ಟೆತಟ್ಟೆಯೇ ಸುಕ್ಕಿ ಸತ್ತವು. ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಬಂದರೆ ಹೊರಗಿನವರ ದೃಷ್ಟಿ ತಾಗುತ್ತದೆಂದು ಅಜ್ಜಿ, ಮಾವನ ತಾಯಿ, ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

“ನಿನ್ ಕೈ ಕೆಟ್ಟೈತೆ ಕಣೆ. ಇನ್ಮ್ಯಾಕೆ ಹುಳ ಮನೆಗೆ ಕಾಲಿಡ್ಬ್ಯಾಡ.”

ಅತ್ತೆ ಆ ಮಾತನ್ನು ನಂಬಿಬಿಟ್ಟಳು. ಅದೇ ಆಷಾಢದಲ್ಲಿ ಮಗಳು ತವರಿನಲ್ಲಿ ಹೆತ್ತಳು, ಹೆಣ್ಣು ಕೂಸು, ಅತ್ತೆಗೆ ಮೊದಲ ಮೊಮ್ಮಗು. ನಮ್ಮಲ್ಲಿ ಬಾಣಂತಿಯ ಕೂಸಿಗೆ ಎಣ್ಣೆನೀರು ಎರೆಯುವುದು ಅಜ್ಜಿಯಾದವಳ ಹಕ್ಕು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬಿಸಿನೀರು ಹುಯ್ಯುವ ಸುಖಕ್ಕೆ ಹೆಂಗಸರು ವರ್ಷಗಟ್ಟಲೆ ಕಾಯುತ್ತಾರೆ. ಅತ್ತೆ ಕೂಸನ್ನು ಮುಟ್ಟಲಿಲ್ಲ. ಸೂಲಗಿತ್ತಿ ಎರೆಯುತ್ತಿದ್ದಳು, ಅತ್ತೆ ಹಂಡೆ ಕಾಯಿಸಿಕೊಟ್ಟು ಬಚ್ಚಲ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಮಗಳು ಅತ್ತು ಕರೆದರೂ ಕೈ ಚಾಚಲಿಲ್ಲ.

ಹಡಗಿನ ಸುದ್ದಿ ಕೇಳಿ ನನ್ನನ್ನು ಹಿತ್ತಿಲಿಗೆ ಕರೆದಳು. “ನನ್ನಪ್ಪ, ಒಂದುಪಕಾರ ಮಾಡು. ಅಲ್ಲಿ ಹುಳ ಸಾಕೋ ಹೆಂಗಸ್ರು ಇರ್ತಾರಲ್ಲ, ಅವ್ರನ್ನ ಒಂದ್ಮಾತು ಕೇಳ್ಕೊಂಡು ಬಾ. ಹುಳ ಹಿಂಗ್ ಸಾಯದು ಸಾಕೋಳ ಕೈಯಿಂದ್ಲಾ, ಇಲ್ಲ ಬಿತ್ತನೆಯಿಂದ್ಲಾ? ಕೈಯಲ್ಲ ಅಂತ ಅವ್ರು ಅಂದ್ಬುಟ್ರೆ ನಾನು ಕೂಸ್ನ ಎತ್ಕತೀನಿ.”

ಬಿತ್ತನೆ ಎಂದರೆ ಸಾಕಲು ತರುವ ಹುಳದ ಮೊಟ್ಟೆ. ಕೇಳಿಬರುತ್ತೇನೆ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಅವಳು ಇನ್ನೊಂದು ಕೇಳಿದಳು: “ನೀವು ಹೋಗೋ ತಿಂಗ್ಳಲ್ಲಿ ಅಲ್ಲಿ ಸೊಪ್ಪಿರ್ತದಾ?” ನಾನು ನಕ್ಕುಬಿಟ್ಟೆ. ಸೊಪ್ಪಿಲ್ಲದ ತಿಂಗಳೂ ಉಂಟೇ! ನಮ್ಮ ತೋಟದಲ್ಲಿ ಕೊಯ್ದಷ್ಟೂ ಚಿಗುರುತ್ತಿತ್ತು, ವರ್ಷಕ್ಕೆ ಐದಾರು ಬೆಳೆ ಏಳುತ್ತಿತ್ತು. ಹನ್ನೆರಡು ತಿಂಗಳೂ ಹುಳಕ್ಕೆ ಮೇವು ಹಾಕುವ ಜನ ನಾವು, ಬೇರೆ ಥರ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಹೋಗುವ ಮೊದಲು ಮಾವನಿಗೆ ತಾಲೀಮು ಕೊಡಬೇಕೆಂದು ನಾನೇ ಹಠ ಹಿಡಿದೆ. ಒಂದು ದಿನದಲ್ಲಿ ಹೋಗಿ, ನೋಡಿ, ಬರುವುದು ಅವನಿಗೆ ಗೊತ್ತೇ ಇರಲಿಲ್ಲ. ಎಲ್ಲಿ ಹೋದರೂ ಮೂರು ದಿನ ಠಿಕಾಣಿ ಹೂಡುವ ಆಸಾಮಿ. ಮೊದಲು ರೈಲಿನಲ್ಲಿ ಚನ್ನಪಟ್ಟಣ. “ಇದನ್ನ ಕೋಮೋ ಅಂದ್ಕೋ ಮಾವ,” ಎಂದು ಹತ್ತಿಸಿದೆ. ಮಧ್ಯಾಹ್ನದ ಗಾಡಿಗೆ ವಾಪಸಾಗಬೇಕು. ಮಾವ ಬೊಂಬೆ ಮಾಡುವ ಸಾಬರೊಬ್ಬರ ಜಗಲಿಯ ಮೇಲೆ ಕೂತವನು ಏಳಲೇ ಇಲ್ಲ. ತಿರುಗುವ ಮರಕ್ಕೆ ಸಾಬರು ಅರಗಿನ ಕಡ್ಡಿ ಒತ್ತಿದರೆ ಬಣ್ಣ ತಾನಾಗಿ ಮೆತ್ತಿಕೊಳ್ಳುತ್ತಿತ್ತು.

“ಗಾಡಿ ಹೊತ್ತಾಯ್ತು ಏಳು ಮಾವ!”

“ಬೈಠೋ ಗೌಡ್ರೆ, ಕೆಂಪು ರಂಗು ಒಂದು ಬಾಕಿ ಐತೆ,” ಅಂದರು ಸಾಬರು. ಮಾವ ಕೂತ. ಕೆಂಪಾಯಿತು, ಹಸಿರಾಯಿತು, ನಮ್ಮ ಗಾಡಿ ಹೊಗೆ ಬಿಟ್ಟುಕೊಂಡು ಹೋಯಿತು. ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಬರುವಾಗ ದಾರಿಯುದ್ದಕ್ಕೂ ಕೂಗಾಡಿದೆ. ಮಾವ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಎರಡನೆಯದು ಮಾಗಡಿ, ಬಾಡಿಗೆ ಮೋಟಾರಿನಲ್ಲಿ. ಕೆಂಪಾಪುರದ ಹತ್ತಿರ ಟೈರು ಪಂಚರಾಯಿತು. ಅದು ಮುಗಿಯುವುದರೊಳಗೆ ಇಂಜಿನ್ನು ಕುದಿಯತೊಡಗಿತು. ನಾನು ರಸ್ತೆಯಲ್ಲಿ ಅತ್ತಿಂದಿತ್ತ ಶತಪಥ ಹಾಕುತ್ತಿದ್ದೆ, ಮಾವ ಹುಣಸೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ.

“ಕುಂತ್ಕೊಂಡು ಎರಡು ತುತ್ತು ತಿನ್ನು ಬಾರ್ಲಾ. ನೀನು ಓಡಾಡುದ್ರೆ ಗಾಳಿ ತುಂಬ್ಕತದಾ?”

ಅವತ್ತು ಮಾಗಡಿ ಕಾಣಲಿಲ್ಲ. ಯೋಜನೆ ಬರೆದಿಟ್ಟ ಪುಸ್ತಕದಲ್ಲಿ ‘ಮೋಟಾರಿಗೆ ಎರಡು ಗಂಟೆ ಹೆಚ್ಚು ಹಿಡಿಯಬೇಕು’ ಎಂದು ಬರೆದುಕೊಂಡೆ, ಬರೆದ ರಭಸಕ್ಕೆ ಹಾಳೆ ಹರಿಯಿತು.

ಗೌರಿ ಹಬ್ಬ ಮುಗಿದ ವಾರ ಮೂರನೆಯ ತಾಲೀಮು. ಕನಕಪುರಕ್ಕೆ ಮೋಟಾರು ಬಸ್ಸಿನಲ್ಲಿ. ಮಾವನಿಗೆ ನೆಗಡಿ, ನಾನೊಬ್ಬನೇ ಹೊರಟೆ. ಆ ಕಡೆಯ ಕಿರಿಸ್ತಾನರ ಹಳ್ಳಿಯೊಂದರಲ್ಲಿ ಯುರೋಪಿನ ಮುದುಕ ಪಾದ್ರಿಯೊಬ್ಬರಿದ್ದಾರೆ, ಇಟಲಿಯ ನಾಲ್ಕು ಮಾತು ಹೇಳಿಕೊಡಬಲ್ಲರು ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಕನಕಪುರದಲ್ಲಿ ಇಳಿದು ಹರದಾರಿಗಟ್ಟಲೆ ನಡೆದೆ. ಪಾದ್ರಿಗಳು ಇಗರ್ಜಿಯ ಹಿಂದೆ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು. ನಲವತ್ತು ವರ್ಷದಿಂದ ಇಲ್ಲೇ ಇದ್ದವರು, ತಮಿಳು ಬೆರೆತ ಕನ್ನಡ. ನನ್ನ ಪುಸ್ತಕ ಇಸಕೊಂಡು ಹಾಳೆ ತಿರುವಿದರು. ತಿರುವುತ್ತಾ ತಿರುವುತ್ತಾ ನಕ್ಕರು.

“ತಂಬಿ, ಡಿಸೆಂಬರಿನಲ್ಲಿ ಹುಳ ನೋಡಕ್ಕೆ ಹೋಗ್ತೀಯಾ? ಆವಾಗ ಅಲ್ಲಿ ಮರದಲ್ಲಿ ಒಂದು ಎಲೆ ಇರಲ್ಲ. ಬರೀ ಕಡ್ಡಿ. ಮೇಲೆ ಮಂಜು. ಹುಳ ಸಾಕೋದು ವರ್ಷಕ್ಕೆ ಒಂದೇ ಸಲ, ಏಪ್ರಿಲ್ ಮೇ, ಅಷ್ಟೇ. ನಮ್ಮಮ್ಮ ಸಾಕ್ತಿದ್ರು, ನನಗೆ ಗೊತ್ತಿಲ್ವಾ?”

ನಾನು ಪುಸ್ತಕ ಹಿಂದಕ್ಕೆ ಇಸಕೊಂಡೆ. ಏನಾದರೂ ಮಾತಾಡಬೇಕಲ್ಲ ಎಂದು ಅತ್ತೆಯ ಪ್ರಶ್ನೆ ಕೇಳಿದೆ. ಅವರು ಯೋಚನೆ ಕೂಡ ಮಾಡಲಿಲ್ಲ.

“ಕೈ ಅಲ್ಲ, ಬಿತ್ತನೆ. ತಾಯಿ ಚಿಟ್ಟೆಗೆ ರೋಗ ಇದ್ರೆ ಮೊಟ್ಟೆಗೂ ಬರ್ತದೆ. ಚಿಟ್ಟೆ ಅರೆದು ಭೂತಗನ್ನಡಿಯಲ್ಲಿ ನೋಡ್ತಾರೆ, ರೋಗ ಕಂಡ್ರೆ ಆ ಮೊಟ್ಟೆ ಸುಟ್ಟುಬಿಡ್ತಾರೆ. ಅದು ಗೊತ್ತಾಗೋ ಮುಂಚೆ ನಮ್ಮೂರಲ್ಲೂ ಹೆಂಗಸರನ್ನೇ ಬೈತಿದ್ರು. ಆ ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಾ. ನಾನೇ ಹೇಳ್ತೀನಿ.”

ಅಲ್ಲಿಗೆ ಎರಡೂ ಗೊತ್ತಾಯಿತು. ನಮ್ಮ ಯೋಜನೆ ಸುಳ್ಳು. ಅತ್ತೆಯ ಪ್ರಶ್ನೆಗೆ ಉತ್ತರ ಒಂದು ದಿನದ ದಾರಿಯಲ್ಲೇ ಇದೆ. ವಾಪಸು ಬರುವ ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಅತ್ತೆಯನ್ನಲ್ಲ, ಹಡಗನ್ನು. ಎಲೆಯ ವಿಷಯ ಹೇಳಿದರೆ ಮಾವ ಬೇಸಿಗೆಗೆ ಮುಂದೂಡುತ್ತಾನೆ, ಬೇಸಿಗೆಗೆ ನನಗೆ ರಜೆಯಿಲ್ಲ, ಅಳಿಯ ಹೋಗುತ್ತಾನೆ. ಬರೀ ಬಿತ್ತನೆಯ ಮಾತು ಹೇಳೋಣವೆಂದರೆ ಯಾರು ಹೇಳಿದರು, ಎಲ್ಲಿ ಹೇಳಿದರು ಎಂದು ಕೇಳುತ್ತಾರೆ, ಮಾವ ಪಾದ್ರಿಗಳ ಹತ್ತಿರ ಹೋಗದೆ ಬಿಡುವುದಿಲ್ಲ. ಹಾರೋಹಳ್ಳಿ ಕಡೆಗೆ ರಸ್ತೆ ಕವಲೊಡೆಯುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ಬಾಯಿ ಬಿಡುವುದಿಲ್ಲ.

ಆಮೇಲಿನ ಎರಡು ತಿಂಗಳು ನನ್ನನ್ನು ದೆವ್ವ ಹಿಡಿದಂತಿತ್ತು. ಯೋಜನೆಯನ್ನು ಅಳಿಸಿ ಅಳಿಸಿ ಬರೆದೆ. ಹುಳ ಮನೆ ಎಂದಿದ್ದ ಕಡೆಯೆಲ್ಲ ಸರೋವರ, ಇಗರ್ಜಿ, ಕೋಟೆ ಎಂದು ತುಂಬಿದೆ. ವೆರೋನಾ ಸೇರಿಸಿದೆ, ಅದಕ್ಕೆ ರೈಲು ಹೊಂದದೆ ಟ್ಯೂರಿನ್ ಕಿತ್ತೆ, ಮತ್ತೆ ಟ್ಯೂರಿನ್ ಹಾಕಿದೆ. ಕಚೇರಿಯಲ್ಲಿ ಸರ್ವೆ ನಂಬರು ತಪ್ಪಾಗಿ ಬರೆದು ಅಮಲ್ದಾರರಿಂದ ಉಗಿಸಿಕೊಂಡೆ. ಮಾವನ ಮನೆಗೆ ಹೋಗದೆ ಇರಲಾರೆ, ಹೋದರೆ ಅಲ್ಲಿ ನಿಲ್ಲಲಾರೆ. ಬಚ್ಚಲಿನಲ್ಲಿ ಕೂಸು ಚೀರುತ್ತಿತ್ತು, ಸೂಲಗಿತ್ತಿ ನೀರು ಹುಯ್ಯುತ್ತಿದ್ದಳು, ಬಾಗಿಲ ಹಿಂದೆ ಅತ್ತೆ.

“ಹಡಗಿಗೆ ಇನ್ನೆಷ್ಟು ದಿನ ಐತಪ್ಪ?” ಎಂದು ಕೇಳುತ್ತಿದ್ದಳು. ನಾನು ದಿನ ಲೆಕ್ಕ ಹೇಳುತ್ತಿದ್ದೆ. ಅವಳ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ, ಹಂಡೆ ನೋಡಿಕೊಂಡು ಹೇಳುತ್ತಿದ್ದೆ. ಥೂ ನನ್ನ ಬಾಳೇ ಅನ್ನಿಸುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ದೀಪಾವಳಿಗೆ ಅಳಿಯ ಬಂದ. ನನ್ನ ಪುಸ್ತಕ ನೋಡಿ, “ಭೇಷ್, ಬಹಳ ಕಷ್ಟಪಟ್ಟಿದ್ದೀರಿ,” ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಹಬ್ಬ ಮುಗಿಸಿ ಹೆಂಡತಿ, ಕೂಸನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟ. ಗಾಡಿ ಬಾಗಿಲಿಗೆ ಬಂದಿತ್ತು. ಮಗಳು ಕೂಸನ್ನು ತಾಯಿಯ ಮುಂದೆ ಹಿಡಿದಳು.

“ಒಂದ್ಸಲ ಎತ್ಕೊಳವ್ವ. ನಿಂಗೆ ಕೈ ಮುಗಿತೀನಿ.”

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದಕ್ಕೆ ಸರಿದಳು. “ಹಡಗು ಹೋಗ್ಬರ್ಲಿ ಕಣವ್ವ,” ಅಂದಳು. ಗಾಡಿ ಹೋಯಿತು. ಎಲ್ಲರೂ ಒಳಗೆ ಬಂದರೂ ಅವಳು ಬರಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದೆ. ಬಚ್ಚಲಲ್ಲಿ ಕೂಸಿಗೆ ಎರೆಯುವ ಮಣೆಯ ಪಕ್ಕದ ನೆಲದ ಮೇಲೆ ಕಾಲು ನೀಡಿಕೊಂಡು ಸುಮ್ಮನೆ ಕೂತಿದ್ದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಬಡಬಡನೆ ಹೇಳಿಬಿಟ್ಟೆ. ಪಾದ್ರಿ, ಎಲೆಯಿಲ್ಲದ ಮರ, ಚಿಟ್ಟೆ, ಭೂತಗನ್ನಡಿ, ಬಿತ್ತನೆ. ಯಾವತ್ತು ಕೇಳಿಕೊಂಡು ಬಂದೆ ಎನ್ನುವುದೊಂದನ್ನು ಮಾತ್ರ ಹೇಳಲಿಲ್ಲ. ಅತ್ತೆ ಎದ್ದಳು. “ನಾಳೀಕೆ ನನ್ನ ಕರ್ಕೊಂಡೋಗು. ಅವ್ರ ಬಾಯಿಂದ್ಲೇ ಕೇಳ್ಬೇಕು.”

ಮಾವನಿಗೂ ಹೇಳಿದೆ. ಬೈಯುತ್ತಾನೆಂದುಕೊಂಡರೆ ತೊಡೆ ತಟ್ಟಿಕೊಂಡು ನಕ್ಕ. “ಅಯ್ಯೋ ನಿನ್ನ! ಬೋಳು ಮರ ನೋಡಕ್ಕೆ ಅಷ್ಟು ದೂರ ಹೋಗ್ತಿದ್ವಲ್ಲೋ! ಬುಡು, ಚೈತ್ರ ಕಳುದ್ಮೇಲೆ ಹೋಗಾನ.”

“ಆಗ ನಂಗೆ ರಜ ಸಿಗಕಿಲ್ಲ ಮಾವ.”

“ಅಳಿಯಂದ್ರು ಇದಾರಲ್ಲ.” ಮಾವ ಕೈ ಚಾಚಿದ. “ಆ ಬುಕ್ಕು ಅವ್ರಿಗೆ ಕೊಟ್ಬುಡು ಕಣ್ಲಾ. ಬೋ ಚೆಂದಾಗಿ ಬರ್ದಿದ್ದೀಯ.”

ಕೊಟ್ಟೆ. ಬೇಸಿಗೆಯಲ್ಲಿ ಅವರಿಬ್ಬರೂ ಹೋಗಿಬಂದರು. ನಾನು ಬರೆದ ರೈಲುಗಳಲ್ಲೇ ಹೋಗಿ, ಪ್ರತಿ ಸಂಜೆ ಮುದ್ದೆ ಹೊತ್ತಿಗೆ ಮಿಲಾನಿಗೆ ವಾಪಸಾದರಂತೆ. ಒಂದು ದಿನವೂ ರೈಲು ತಪ್ಪಲಿಲ್ಲವಂತೆ. ಆಗ ನಾನು ಜಮಾಬಂದಿಯ ಪೆಟ್ಟಿಗೆ ಹೊರಿಸಿಕೊಂಡು ಬಿಸಿಲಲ್ಲಿ ಹಳ್ಳಿ ಹಳ್ಳಿ ಅಲೆಯುತ್ತಿದ್ದೆ. ಸಮುದ್ರ ನಾನು ಇವತ್ತಿನವರೆಗೂ ನೋಡಿಲ್ಲ. ಅದರ ಉರಿ ಕಾಲ ಕಳೆದ ಹಾಗೆ ಆರಿತು.

ಆರದೆ ಉಳಿದದ್ದು, ನಾನು ಬಚ್ಚಲ ಬಾಗಿಲಲ್ಲಿ ಬಾಯಿ ಬಿಟ್ಟ ಮಾರನೆಯ ದಿನದ್ದು. ಅತ್ತೆ ಹುಟ್ಟಿದ ಮೇಲೆ ಮೊದಲ ಸಲ ಬಸ್ಸು ಹತ್ತಿದ್ದಳು. ಪಾದ್ರಿಗಳು ಅವಳಿಗೆ ಬೆಂಚು ಹಾಕಿಸಿ, ಮಜ್ಜಿಗೆ ತರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳು ಎರಡೆರಡು ಸಲ ಕೇಳಿದಳು.

“ಕೈಯಿಂದ ಅಲ್ವಾ ಸ್ವಾಮಿ?”

“ಅಲ್ಲಮ್ಮ. ನಿನ್ನ ಕೈಗೆ ಏನೂ ಆಗಿಲ್ಲ.”

ಅತ್ತೆ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಅತ್ತಳು. ಜೋರಾಗಿ, ಯಾವ ಸಂಕೋಚವೂ ಇಲ್ಲದೆ. ಪಾದ್ರಿಗಳು ಬದನೆ ಗಿಡಗಳ ಕಡೆ ನೋಡುತ್ತಾ ಅವಳನ್ನು ಅಳಲು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಅವತ್ತೇ ಕರ್ಕೊಂಡು ಬಾ ಅಂದೆನಲ್ಲ ತಂಬಿ, ಇಷ್ಟು ದಿನ ಯಾಕೆ ಮಾಡಿದೆ?” ಅಂದರು. ನಾನು ಏನೋ ಒಂದು ನೆಪ ಒದರಿದೆ.

ಕನಕಪುರದವರೆಗೂ ಅತ್ತೆ ನನ್ನ ಮುಂದೆ ಮುಂದೆ ನಡೆದಳು. ಬಸ್ಸು ನಿಲ್ಲುವ ಅರಳಿಕಟ್ಟೆಯ ಮೇಲೆ ಕೂತ ಮೇಲೆ ಕೇಳಿದಳು.

“ಅವ್ರು ನಿಂಗೆ ಯಾವತ್ತು ಹೇಳಿದ್ದು?”

“ಗೌರಿ ಹಬ್ಬ ಆದ ವಾರ, ಅತ್ತೆ.”

ಅವಳು ಬೆರಳು ಮಡಿಸಿ ಎಣಿಸಿದಳು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ.

“ಆಗಿನ್ನೂ ಕೂಸಿಗೆ ಕತ್ತು ನಿಂತಿರ್ಲಿಲ್ಲ,” ಅಂದಳು ಅತ್ತೆ. ಮಡಿಸಿದ ಬೆರಳು ಬಿಚ್ಚಿ ಇನ್ನೊಂದು ಮಾತು: “ಅಷ್ಟು ಎಳೇದನ್ನ ನಾನಿನ್ನು ಎಲ್ಲಪ್ಪ ಎತ್ಕೊಳ್ಲಿ?”

ಬಸ್ಸು ಬಂತು. ಅವಳು ಹತ್ತಿ ಕೂತು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. ಆ ಜಾಗದಲ್ಲಿ ಕೂರಲು ನನಗೆ ಧೈರ್ಯವಾಗಲಿಲ್ಲ, ಕ್ಲೋಸ್‌ಪೇಟೆಯವರೆಗೂ ನಿಂತುಕೊಂಡೇ ಬಂದೆ.